ಗುಳುಗುಳು ನಿಂತ ಹೊತ್ತು

"ಕೈ ತೆಗೀರಿ! ಅದನ್ನ ಮುಟ್ಟಬೇಡಿ!"

ಅವಳು ಕಿರುಚೋ ಹೊತ್ತಿಗೆ ಕಾಲ ಮಿಂಚಿತ್ತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದ ಆ ಅಪರಿಚಿತ, ಗೋಡೆಯ ಮೇಲಿದ್ದ ಕೆಂಪು ಬಟನ್ನಿಗೆ ಅಂಗೈಯಿಂದ ಗುದ್ದಿಯೇ ಬಿಟ್ಟಿದ್ದ.

ಚಾವಣಿಯಲ್ಲಿ ಅರಚಿಕೊಳ್ಳುತ್ತಿದ್ದ ಅಲಾರಂ ಬಾಯಿ ಮುಚ್ಚಿತು. ಅದರ ಜೊತೆಗೇ ಇನ್ನೊಂದು ಸದ್ದೂ ನಿಂತಿತು.

ಗುಳುಗುಳು...

ಆ ಕೋಣೆಯಲ್ಲಿ ಅವಳು ಕೆಲಸಕ್ಕೆ ಸೇರಿದ ದಿನದಿಂದ ಹೆದರುತ್ತಿದ್ದದ್ದು ಇದೊಂದಕ್ಕೇ. ಆ ಸದ್ದು ನಿಲ್ಲಬಾರದು!

ಯಾಕೆ ಅಂತ ಹೇಳಿಬಿಡ್ತೀನಿ, ಆಮೇಲೆ ನೀವು ನನ್ನನ್ನ ಬೈಕೋಬಾರದು. ಆ ಕೋಣೆಯ ನಡುವೆ ಮಂಚದಷ್ಟು ಉದ್ದದ ಒಂದು ಕುಲುಮೆ. ಕುಲುಮೆಯೊಳಗಿಂದ ಹಾದುಹೋಗುವ ತೋಳುಗಾತ್ರದ ಗಾಜಿನ ಕೊಳವೆ. ಅದರ ಒಂದು ತುದಿಯಿಂದ ಉರಿಯದ ಆರ್ಗಾನ್, ಥಟ್ಟನೆ ಹೊತ್ತಿಕೊಳ್ಳುವ ಹೈಡ್ರೋಜನ್, ಇಂಗಾಲ ಹೊತ್ತು ತರುವ ಇನ್ನೊಂದು ಅನಿಲ, ಮೂರೂ ಒಳಗೆ ಹೋಗುತ್ತವೆ. ಒಳಗಿನ ಕೆಂಡದಂಥ ಕಾವಿನಲ್ಲಿ, ಕಬ್ಬಿಣ ಲೇಪಿಸಿದ ಪುಟ್ಟ ಬಿಲ್ಲೆಯ ಮೇಲೆ ಇಂಗಾಲ ಹುಲ್ಲಿನ ಹಾಗೆ ಚಿಗುರಿ ನಿಲ್ಲುತ್ತದೆ. ಒಂದೊಂದು ಎಳೆಯೂ ಒಳಗೆ ಟೊಳ್ಳಾದ ಕೊಳವೆ. ಸಾವಿರಾರು ಎಳೆ ಒಟ್ಟು ಮಾಡಿದರೂ ಒಂದು ತಲೆಗೂದಲಿನ ದಪ್ಪ ಬರದು. ನ್ಯಾನೋ ಕೊಳವೆ ಅಂತ ಓದಿದವರು ಹೇಳುತ್ತಾರೆ. ಅಲ್ಲಿ ಕೆಲಸ ಮಾಡುವವರೆಲ್ಲ ಅದನ್ನ 'ಕಾಡು' ಅಂತಲೇ ಕರೆಯುತ್ತಿದ್ದರು. ಕಾಡು ಬೆಳೆಸುವ ಇವಳು, ಸಹಜವಾಗಿ, 'ಕಾಡಮ್ಮ'.

ಮಿಕ್ಕ ಅನಿಲ ಇನ್ನೊಂದು ತುದಿಯಿಂದ ಎಣ್ಣೆ ತುಂಬಿದ ಸೀಸೆಯೊಳಗೆ ಗುಳ್ಳೆಗುಳ್ಳೆಯಾಗಿ ಎದ್ದು ಚಿಮಣಿ ಸೇರುತ್ತದೆ. ಗುಳುಗುಳು ಕೇಳ್ತಿದ್ದರೆ ಎಲ್ಲ ಸರಿ. ಕುಲುಮೆ ಕೆಂಪಗಿರುವಾಗ ಅದು ನಿಂತರೆ, ಒಳಗಿನ ಅನಿಲ ಕುಗ್ಗಿ ಎಣ್ಣೆಯನ್ನೇ ಹಿಂದಕ್ಕೆ ಹೀರಿಕೊಳ್ಳುತ್ತದೆ. ಕಾದ ಗಾಜಿಗೆ ಎಣ್ಣೆ ಬಿದ್ದರೆ... ಗಾಜು ಸೀಳಿ, ಹೈಡ್ರೋಜನ್ನಿಗೆ ಹೊರಗಿನ ಗಾಳಿ ಸೇರಿದರೆ...

ಎಣ್ಣೆ ಆಗಲೇ ಸಣ್ಣ ನಳಿಗೆಯಲ್ಲಿ ಮೇಲಕ್ಕೆ ತೆವಳುತ್ತಿತ್ತು!

ಅವಳು ಹಾರಿಹೋಗಿ ಹೊರದಾರಿಯ ಲೋಹದ ನಲ್ಲಿಯನ್ನ ಬರಿಗೈಯಲ್ಲೇ ತಿರುಚಿ ಮುಚ್ಚಿದಳು. ಅಂಗೈ ಚುರ್ರೆಂದಿತು. ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಆರ್ಗಾನಿಗೆಂದೇ ಬೇರೆಯಾಗಿದ್ದ ನಲ್ಲಿಯನ್ನ ಬಿಚ್ಚಿ, ಆಮೇಲೆ ಹೊರದಾರಿಯನ್ನ ಮತ್ತೆ ಚೂರು ಸಡಿಲಿಸಿದಳು. ಎಣ್ಣೆ ನಿಂತಲ್ಲೇ ನಡುಗಿತು, ಯೋಚಿಸುವಂತೆ ಒಂದು ಕ್ಷಣ ತಡೆಯಿತು, ನಿಧಾನಕ್ಕೆ ಇಳಿಯಿತು. ಮತ್ತೆ ಒಂದು ಗುಳ್ಳೆ. ಇನ್ನೊಂದು.

ಅವಳಿಗೆ ಹೋದ ಜೀವ ಬಂದ ಹಾಗಾಯ್ತು. ಬಂದ ಜೀವ ನೇರ ನಾಲಿಗೆಗೇ ಬಂತು.

"ಯಾರ್ರೀ ನೀವು?"

"ಇವತ್ತೇ ಸೇರಿದೆ..." ಅವನು ಬಟನ್ನಿನಿಂದ ಕೈ ತೆಗೆದ. "ಇಲ್ಲಿನ ಸುರಕ್ಷತೆ ನೋಡ್ಕೊಳ್ಳೋನು."

"ಆಹಾ! ಬಹಳ ಚೆನ್ನಾಗಿ ನೋಡ್ಕೊಂಡ್ರಿ! ಇನ್ನೂ ಒಂಚೂರು ನೋಡ್ಕೊಂಡಿದ್ರೆ ನಮ್ಮಿಬ್ಬರನ್ನೂ ಪೊರಕೆಯಲ್ಲಿ ಗುಡಿಸಿ ತಗೊಂಡು ಹೋಗ್ಬೇಕಾಗಿತ್ತು."

"ಅಲಾರಂ ಹೊಡ್ಕೊಳ್ತಿತ್ತು. ಹೈಡ್ರೋಜನ್ ಸೋರ್ತಿದೆ ಅಂದ್ಕೊಂಡೆ."

"ಸ್ಪಿರಿಟ್ ಹಚ್ಚಿ ಮೇಜು ಒರೆಸಿದೆ. ಆ ವಾಸನೆಗೂ ಅದು ಅರಚ್ಕೊಳ್ಳುತ್ತೆ. ಕೆಂಪು ಬಟನ್ ಒತ್ತಿದ್ರೆ ಹೈಡ್ರೋಜನ್ ಜೊತೆ ಆರ್ಗಾನೂ ನಿಲ್ಲುತ್ತೆ. ಅದನ್ನ ಕೂಡಿಸಿದ ಪುಣ್ಯಾತ್ಮ ಯಾರೋ! ಮೊದಲು ಹೈಡ್ರೋಜನ್ ಮುಚ್ಚಿ, ಆರ್ಗಾನ್ ಪೂರ್ತಿ ಬಿಡಬೇಕು. ಬಟನ್ ಎಲ್ಲಕ್ಕಿಂತ ಕಡೆಗೆ. ತಲೆಗೆ ಹೋಯ್ತಾ?"

ಅವನು ಅವಳ ಅಂಗೈಯನ್ನೇ ನೋಡುತ್ತಿದ್ದ. ಬೊಬ್ಬೆ ಏಳುತ್ತಿದ್ದ ಆ ಕೆಂಪು ಗೆರೆ ನೋಡಿ ಅವನ ಮುಖ ಬಿಳಿಚಿಕೊಂಡಿತು.

'ಮುಖ ನೋಡಿದ್ರೆ ಒಳ್ಳೆಯವನ ಹಾಗಿದಾನೆ. ಆದ್ರೆ ಕಾಲಿಟ್ಟ ಗಳಿಗೆ ಸರಿ ಇಲ್ಲ' ಅಂದುಕೊಂಡಳು ಅವಳು.

* * *

ವಾರ ಕಳೆಯುವುದರೊಳಗೆ ಅವನಿಗೂ ಒಂದು ಅಡ್ಡಹೆಸರು ಬಿತ್ತು... ಕಿವುಡ!

ಯಾವಾಗ ನೋಡಿದರೂ ಒಂದು ಕಿವಿಯಲ್ಲಿ ಇಯರ್‌ಫೋನ್. ಎರಡು ಸಲ ಕರೆದರೆ ಒಂದು ಸಲ ತಿರುಗುತ್ತಿದ್ದ. ಸುರಕ್ಷತೆ ನೋಡೋನು ದಿನವಿಡೀ ಹಾಡು ಕೇಳ್ತಾನೆ ಅಂತ ಎಲ್ಲರೂ ನಗೋರು. ಅವನೂ ನಕ್ಕು ಸುಮ್ಮನಾಗೋನು. ಆದರೆ ಕಿವಿಯಿಂದ ಅದನ್ನ ತೆಗೆಯುತ್ತಿರಲಿಲ್ಲ.

ಅವನ ಕೋಣೆ ಕುಲುಮೆಯ ಕೋಣೆಗೆ ಒಂದೇ ಗೋಡೆ ಆಚೆ. ಬೆಳಿಗ್ಗೆ ಬಂದು ಅವಳ ಅಂಗೈಗೆ ಮುಲಾಮು ಹಚ್ಚಿದ್ರಾ ಅಂತ ವಿಚಾರಿಸೋನು. ಗಾಯ ಮಾಸಿದ ಮೇಲೂ ವಿಚಾರಿಸೋನು!

"ಗಾಯ ಎಲ್ಲಿದೆ ತೋರ್ಸಿ ನೋಡೋಣ?" ಅಂತ ಅವಳು ಕಿಚಾಯಿಸಿದರೆ, ಕಿವಿಯ ತನಕ ಕೆಂಪಾಗೋನು.

ಒಂದು ದಿನ ಬೆಳೆದ ಕಾಡನ್ನ ಅವನಿಗೆ ಗಾಜಿನ ಮುಚ್ಚಳದಡಿ ತೋರಿಸಿದಳು. ಬಿಲ್ಲೆಯ ಮೇಲೆ ಕಪ್ಪು. ಮಸಿಯೂ ಅಲ್ಲ, ಇದ್ದಿಲೂ ಅಲ್ಲ, ಅದಕ್ಕಿಂತ ಕಪ್ಪು. ಅಲ್ಲಿ ಮೇಜಿಗೇ ಒಂದು ತೂತು ಬಿದ್ದ ಹಾಗೆ.

"ಭಯ ಆಗುತ್ತಲ್ರೀ ಇದನ್ನ ನೋಡಿದ್ರೆ..."

"ಒಳಗೆ ಹೋದ ಬೆಳಕು ವಾಪಸ್ ಬರಲ್ಲ. ಎಳೆಗಳ ನಡುವೆ ಸಿಕ್ಕಿಹಾಕ್ಕೊಂಡು ಅಲ್ಲೇ ಸಾಯುತ್ತೆ. ಬ್ಯಾಟರಿಗೆ ಹಾಕ್ತಾರೆ, ದೂರದರ್ಶಕದ ಒಳಗೆ ಹಚ್ತಾರೆ, ನೂಲು ತೆಗೀತಾರೆ. ಉಕ್ಕಿಗಿಂತ ಗಟ್ಟಿ."

"ಮತ್ತೆ ಉಸಿರಿನ ಜೊತೆ ಎದೆಯೊಳಗೆ ಹೋದ್ರೆ?"

ಅವಳ ನಗು ಇಳಿಯಿತು. "ಅದು ಏನೇನು ಮಾಡುತ್ತೆ ಅಂತ ಪೂರ್ತಿ ಗೊತ್ತಿರೋರು ಯಾರೂ ಇಲ್ಲ. ಮುಳ್ಳಿನ ಹಾಗೆ ಚುಚ್ಚಿಕೊಂಡು ಕೂತುಬಿಡಬಹುದು ಅಂತಾರೆ. ಅದಕ್ಕೇ ಪುಡಿ ಮುಟ್ಟುವಾಗ ತಲೆ ತುಂಬ ಮುಸುಕು ಹಾಕೋದು."

ಆ ಮುಸುಕಿನ ಬೆನ್ನಿಗೆ ಗಾಳಿ ಸೋಸುವ ಸಣ್ಣ ಫ್ಯಾನ್ ಇತ್ತು. ಹಾಕಿಕೊಂಡರೆ ಗುಂಯ್ ಅನ್ನುವುದು ಬಿಟ್ಟು ಜಗತ್ತಿನ ಬೇರೆ ಯಾವ ಸದ್ದೂ ಕಿವಿಗೆ ಬೀಳುತ್ತಿರಲಿಲ್ಲ. ಇದನ್ನ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಮನೆಯಲ್ಲಿ ಅವಳಿಗೆ ಇದ್ದವಳು ಅಕ್ಕ ಒಬ್ಬಳೇ. ಹೊಲಿಗೆ ಮಿಷನ್ ತುಳಿದು ತಂಗಿಯನ್ನ ಓದಿಸಿದವಳು. ಹೊರಗೆ ಇವಳ ಗೆಳತಿ ಅಂದರೆ ಆ ಕುಲುಮೆಯೇ. ಸದಾ ಕಾದಿರುತ್ತೆ, ಮಾತು ಮಾತಿಗೆ ಮುನಿಸಿಕೊಳ್ಳುತ್ತೆ, ಎಷ್ಟು ಸೇವೆ ಮಾಡಿದರೂ ಸಾಲದು. ಹಾಗಾಗಿ ಅದಕ್ಕೆ 'ಅತ್ತೆ' ಅಂತ ಹೆಸರಿಟ್ಟಿದ್ದಳು. ಇಡೀ ಜಾಗಕ್ಕೇ ಗೊತ್ತಿದ್ದ ತಮಾಷೆ ಅದು. "ಅತ್ತೆ ಇವತ್ತು ಹೇಗಿದಾರೆ?" ಅಂತ ಎಲ್ಲರೂ ಕೇಳೋರು.

ಕಾಡು ಬೆಳೆಯುವ ತನಕ ಅವಳು ಒಬ್ಬಳೇ ಕೂತು ಅತ್ತೆಯ ಹತ್ತಿರ ಮಾತಾಡುತ್ತಿದ್ದಳು. ಮೊದಮೊದಲು ಕಿವುಡನ ಮೇಲೆ ದೂರು. ಆಮೇಲಾಮೇಲೆ ದೂರಿನ ದನಿಯೇ ಬದಲಾಯಿತು. ಒಂದು ಮಧ್ಯಾಹ್ನ, ಎಣ್ಣೆಸೀಸೆಯ ಪಕ್ಕ ಗಲ್ಲಕ್ಕೆ ಕೈಕೊಟ್ಟು ಕೂತು, ಬಾಗಿಲು ಮುಚ್ಚಿದೆಯಾ ಅಂತ ಎರಡು ಸಲ ನೋಡಿ, ಹೇಳಿಯೇಬಿಟ್ಟಳು:

"ಅತ್ತೇ... ನಿಮಗೊಬ್ಬ ಮಗ ಅಂತ ಇದ್ದಿದ್ರೆ, ಅವನು ಆ ಕಿವುಡನ ಥರಾನೇ ಇರ್ಬೇಕಿತ್ತು. ಆಗ ನಾನು ಒಂದು ಮಾತೂ ಆಡದೆ ಒಪ್ಕೊಂಡು ಬಿಡ್ತಿದ್ದೆ."

ಗುಳುಗುಳು ಅಂದಳು ಅತ್ತೆ. ಕಾಡಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

* * *

ಕೆಟ್ಟದ್ದು ಬರುವಾಗ ಡಂಗುರ ಹೊಡ್ಕೊಂಡು ಬರಲ್ಲ. ಇಲ್ಲಿ ಅದು ಗಾಜಿನ ಕೊಳವೆಯ ಮೇಲೆ ಒಂದು ಹಾಲುಮಚ್ಚೆಯಾಗಿ ಬಂತು.

ತುಂಬಾ ದಿನ ಕಾವು ತಿಂದ ಗಾಜು ಹಾಗೆ ಬೆಳ್ಳಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಉಗುರಿನಷ್ಟಿದ್ದ ಮಚ್ಚೆ ಅಂಗೈ ಅಗಲ ಆಯ್ತು. ಹೊಸ ಕೊಳವೆ ಬರುವುದು ತಡ. ಅಂಥ ಹೊತ್ತಲ್ಲೇ ದೊಡ್ಡವರಿಗೆ, ಅಂದರೆ ಆ ಜಾಗದ ಯಜಮಾನರಿಗೆ, ಕೊಳ್ಳುವವರಿಗೆ ತೋರಿಸಲು ಅಂಗೈ ಅಗಲದ ಕಾಡು ಬೇಕಾಗಿತ್ತು.

ಅವಳಿಗೆ ಒಳಗೊಳಗೇ ಅಳುಕು. ಆದರೆ ಹೇಳಲಿಲ್ಲ. ಅಷ್ಟು ದೊಡ್ಡ ಕಾಡು ಅಲ್ಲಿ ಯಾರೂ ಬೆಳೆಸಿರಲಿಲ್ಲ, ಬೆಳೆಸುವ ಹಟ ಅವಳಿಗೂ ಇತ್ತು. ಅಳುಕನ್ನ ಅತ್ತೆಯ ಹತ್ತಿರ ಮಾತ್ರ ಹೇಳಿಕೊಂಡಳು. "ಗಾಜು ಹಾಲಾಗಿದೆ ಅತ್ತೆ, ನಂಗೆ ಯಾಕೋ ಹೆದರಿಕೆ..."

ಮರುದಿನವೇ ದೊಡ್ಡವರು ಕರೆಸಿದರು.

"ಏನಮ್ಮಾ, ಗಾಜು ಹಾಲಾಗಿದೆ, ಕುಲುಮೆ ಹಚ್ಚಬಾರದು ಅಂತ ಮಾತು ನನ್ನ ಕಿವಿಗೆ ಬಿತ್ತು. ಹೆದರಿಕೆ ಇದ್ರೆ ಬಿಡು, ಬೇರೆಯವರಿಗೆ ಕೊಡ್ತೀನಿ."

ಅವಳಿಗೆ ದಿಗ್ಭ್ರಮೆ! 'ನಾನು ಯಾರಿಗೂ ಹೇಳೇ ಇಲ್ಲವಲ್ಲ... ಅತ್ತೆಗೆ ಬಿಟ್ಟು!'

"ಹೆದರಿಕೆ ಏನಿಲ್ಲ ಸರ್. ನಾನೇ ಮಾಡ್ತೀನಿ" ಅಂದು ಬಂದಳು. ಬಂದವಳೇ ಎಣ್ಣೆಸೀಸೆಯ ಸುತ್ತ ತಡಕಾಡಿದಳು. ಸೀಸೆಯ ತಳಕ್ಕೆ ಅಂಗಿಯ ಗುಂಡಿಯಷ್ಟರ, ಸದ್ದು ಹಿಡಿಯುವ ಬಿಲ್ಲೆಯೊಂದು ಅಂಟಿಕೊಂಡಿತ್ತು. ಅದರಿಂದ ಕೂದಲೆಳೆಯಂಥ ತಂತಿ. ತಂತಿ ಗೋಡೆಯ ತೂತಿನೊಳಗೆ ಹೋಗಿತ್ತು.

ಗೋಡೆಯ ಆಚೆ ಯಾರ ಕೋಣೆ ಅಂತ ಹೇಳಬೇಕಾ?

ಇಷ್ಟು ದಿನದ ಮಾತೆಲ್ಲ ಒಂದೇ ಸಲ ನೆನಪಾಗಿ ಅವಳ ಮೈ ಉರಿದುಹೋಯಿತು. ದೂರು, ಬೈಗುಳ, ಅಳು... ಮತ್ತೆ ಆ ಮಾತು! 'ಅಯ್ಯೋ! ಅದನ್ನೂ ಕೇಳಿಸ್ಕೊಂಡು, ಏನೂ ಗೊತ್ತಿಲ್ಲದವನ ಹಾಗೆ ನನ್ನೆದುರು ನಗ್ತಾ ಇದ್ನಾ?'

ಪಕ್ಕದ ಕೋಣೆಯ ಬಾಗಿಲನ್ನ ಅವಳು ತಟ್ಟಲಿಲ್ಲ, ಒದ್ದಳು.

"ಕದ್ದು ಕೇಳ್ತೀರಾ ನೀವು? ನಾಚಿಕೆ ಆಗಲ್ವಾ?"

ಅವನು ಎದ್ದು ನಿಂತ. ಕೈ ತಾನಾಗಿಯೇ ಕಿವಿಗೆ ಹೋಯಿತು. "ಹೌದು. ಕೇಳ್ತೀನಿ. ಮೊದಲೇ ನಿಮಗೆ ಹೇಳ್ಬೇಕಿತ್ತು, ತಪ್ಪಾಯ್ತು. ಆದ್ರೆ ಅದು..."

"ಕೇಳಿದ್ದನ್ನ ದೊಡ್ಡವರ ಕಿವಿಗೂ ಊದಿದ್ರಿ!"

"ಗಾಜು ಕೆಟ್ಟಿದೆ ಅಂತ ಹೇಳಿದ್ದು ನಾನೇ. ನಾನು ಕಣ್ಣಾರೆ ನೋಡಿ..."

"ಸಾಕು! ಬೆಣ್ಣೆ ಮಾತು ಬೇಡ."

ಅವಳ ಕಣ್ಣು ತುಂಬಿತ್ತು. ಅದು ಅವನಿಗೆ ಕಾಣಬಾರದು ಅಂತ ತಿರುಗಿದಳು. ಹೋಗಿ ತಂತಿಯನ್ನ ಕಿತ್ತು, ಸುತ್ತಿ, ಅವನ ಮೇಜಿನ ಮೇಲೆ ಎಸೆದಳು.

ಅವನು ಒಂದೇ ಮಾತು ಹೇಳಿದ.

"ನನ್ನ ಮೇಲೆ ಎಷ್ಟು ಬೇಕಾದ್ರೂ ಕೋಪ ಮಾಡ್ಕೊಳ್ಳಿ. ಆದ್ರೆ ನಾಳೆ ಆ ಗಾಜಿಗೆ ಕಾವು ಕೊಡಬೇಡಿ... ಕೈ ಮುಗೀತೀನಿ."

ಮನೆಗೆ ಹೋಗಿ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದಳು. ಅಕ್ಕ ಎಲ್ಲ ಕೇಳಿ, ಹಲ್ಲಲ್ಲಿ ನೂಲು ಕಡಿದು ಅಂದಳು:

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣೇ. ಆ ಹುಡುಗನ ಬಾಯಲ್ಲಿ ಮಾತು ಪೂರ್ತಿ ಬರೋಕೆ ಬಿಟ್ಟೆಯಾ ನೀನು?"

"ನೀನೂ ಅವನ ಕಡೆಗೇ!"

"ನಾನು ನಿನ್ನ ಕಡೆಗೇ. ಅದಕ್ಕೇ ಕೇಳ್ತಿರೋದು."

* * *

ಮರುದಿನ ಬೆಳಿಗ್ಗೆ ಅವಳು ಬಂದಾಗ ಅವನು ಓಣಿಯಲ್ಲಿ ನಿಂತಿದ್ದ. ಕುಲುಮೆಯ ಕೋಣೆಯಿಂದ ಹೊರಬರುವ ಚಿಮಣಿಯ ಕೊಳವೆಗೆ ಕಿವಿ ಒತ್ತಿ ನಿಂತಿದ್ದ.

'ತಂತಿ ಹೋಯ್ತು ಅಂತ ಈಗ ಕೊಳವೆಗೇ ಕಿವಿ ಕೊಟ್ಟಿದಾನೆ, ಹುಚ್ಚ!' ಅಂದುಕೊಂಡು, ಮುಖ ತಿರುಗಿಸಿ ಒಳಗೆ ಹೋದಳು.

ಮೇಜನ್ನ ಸ್ಪಿರಿಟ್ ಹಚ್ಚಿ ಒರೆಸಬೇಕು. ಅಲಾರಂ ಅರಚಿಕೊಳ್ಳದಿರಲಿ ಅಂತ ಅಲ್ಲಿಯವರು ಮಾಡುವ ಒಂದು ಕಳ್ಳ ಉಪಾಯ ಇತ್ತು... ಚಾವಣಿಯಲ್ಲಿ ಅನಿಲ ಮೂಸಿ ಅರಚುವ ಆ ಅಲಾರಮ್ಮಿನ ಮೂಗಿಗೆ ಒಂದು ರಬ್ಬರ್ ಕೈಗವಸು ತೊಡಿಸುವುದು. ಒರೆಸಿದ ಮೇಲೆ ತೆಗೆಯುವುದು. ಅವಳು ಸ್ಟೂಲು ಹತ್ತಿ ತೊಡಿಸಿದಳು. ಒರೆಸಿದಳು. ಒರೆಸುವಾಗ ಕಣ್ಣೀರು ಬಂತು, ಅದನ್ನೂ ತೋಳಿನಿಂದ ಒರೆಸಿಕೊಂಡಳು.

ಕೈಗವಸು ತೆಗೆಯುವುದು ಮರೆತಳು.

ಕುಲುಮೆ ಕೆಂಪಾಯಿತು. ಗುಳುಗುಳು ಶುರುವಾಯಿತು. ಕಾಡು ಬೆಳೆಯಲು ಬಿಟ್ಟು, ಅವಳು ಮುಸುಕು ಹಾಕಿಕೊಂಡು, ಕುಲುಮೆಗೆ ಬೆನ್ನು ಮಾಡಿ, ಹಿಂದಿನ ವಾರದ ಕಾಡನ್ನ ಬಿಲ್ಲೆಯಿಂದ ಬಿಡಿಸಲು ಕೂತಳು. ಕಿವಿಯಲ್ಲಿ ಗುಂಯ್.

ಅವಳ ಬೆನ್ನ ಹಿಂದೆ ಹಾಲುಮಚ್ಚೆಯ ಅಂಚಿನಲ್ಲಿ ಒಂದು ಕೂದಲೆಳೆಯ ಗೆರೆ ಮೂಡಿತು. ಗೆರೆ ನಿಧಾನಕ್ಕೆ ಕುಲುಮೆಯಿಂದ ಹೊರಚಾಚಿದ ತುದಿಯ ತನಕ ನಡೆಯಿತು. ಸೀಸೆಗೆ ಹೋಗಬೇಕಾದ ಅನಿಲ ಕೋಣೆಗೆ ಸೋರತೊಡಗಿತು. ಬಣ್ಣ ಇಲ್ಲ, ವಾಸನೆ ಇಲ್ಲ. ಹಗುರಾದ ಹೈಡ್ರೋಜನ್ ಚಾವಣಿಗೆ ಏರಿ, ಕೈಗವಸು ತೊಟ್ಟ ಆ ಮೂಗಿನ ಸುತ್ತ ಸದ್ದಿಲ್ಲದೆ ಸೇರಿಕೊಂಡಿತು.

ಗುಳು... ಗುಳು...

ಗುಳು...

ನಿಂತಿತು.

ಅವಳಿಗೆ ಗೊತ್ತೇ ಆಗಲಿಲ್ಲ. ಹಾಡಿನ ಒಂದು ಸಾಲು ಗುನುಗುತ್ತಾ ಕಪ್ಪು ಬಿಡಿಸುತ್ತಿದ್ದಳು.

ಹೆಗಲ ಮೇಲೆ ಯಾರದೋ ಕೈ ಬಿತ್ತು. ಅವಳು ಬೆಚ್ಚಿಬಿದ್ದಳು! ಕೈಯಲ್ಲಿದ್ದ ತಟ್ಟೆ ಮಗುಚಿತು. ಮೇಲೆದ್ದ ಕಪ್ಪು ಪುಡಿ, ಮುಸುಕಿಲ್ಲದೆ ಬಾಗಿ ನಿಂತಿದ್ದ ಅವನ ಮುಖಕ್ಕೇ ರಾಚಿತು.

ಅವನು ಕೆಮ್ಮಲೂ ನಿಲ್ಲಲಿಲ್ಲ. ಗೋಡೆಯ ಕಡೆ ಓಡಿದ. ಅವನ ಕೈ ಕೆಂಪು ಬಟನ್ನಿನ ಹತ್ತಿರ ಹೋಯಿತು... ತಡೆಯಿತು... ಹಿಂದಕ್ಕೆ ಬಂತು. ಹೈಡ್ರೋಜನ್ನಿನ ನಲ್ಲಿ ಮುಚ್ಚಿದ. ಪಕ್ಕದ ಇಂಗಾಲದ ಅನಿಲದ್ದನ್ನೂ ಮುಚ್ಚಿದ. ಆರ್ಗಾನ್ ಪೂರ್ತಿ ಬಿಟ್ಟ. ಹೊರದಾರಿಯ ನಲ್ಲಿಯನ್ನ ಅಂಗಿಯ ತುದಿ ಸುತ್ತಿ ತಿರುಚಿದ. ಎಲ್ಲ ಅವಳು ಹೇಳಿಕೊಟ್ಟ ಹಾಗೇ! ಆಮೇಲೆ ಅವಳ ಕೈ ಹಿಡಿದು ಹೊರಗೆಳೆದು ಬಾಗಿಲು ಜಡಿದ.

ಒಳಗೆ ಫಟೀರ್ ಅಂತು ಗಾಜು. ಬಾಗಿಲು ಅದುರಿತು. ಅವಳು ಮುಸುಕಿನೊಳಗೇ ಕಣ್ಣು ಮುಚ್ಚಿ ಇನ್ನೊಂದು ಸದ್ದಿಗೆ ಕಾದಳು. ಬರಲಿಲ್ಲ. ಕೊಳವೆಯೊಳಗೆ ಆರ್ಗಾನ್ ತುಂಬಿತ್ತು, ಚಾವಣಿಯಲ್ಲಿ ಸೇರಿದ್ದ ಹೈಡ್ರೋಜನ್ನಿಗೆ ಕಿಡಿ ಮುಟ್ಟಲಿಲ್ಲ.

ಅವಳು ಮುಸುಕು ಕಿತ್ತೆಸೆದಳು. ಅವನ ಮುಖ, ರೆಪ್ಪೆ, ತುಟಿ ಎಲ್ಲ ಕಪ್ಪು.

"ಉಸಿರು ಎಳ್ಕೊಂಡ್ರಾ? ಒಳಗೆ ಹೋಯ್ತಾ? ಮಾತಾಡ್ರೀ!"

"ಗುಳುಗುಳು ನಿಂತಿತು..." ಅಂದ ಅವನು, ಕೆಮ್ಮುತ್ತಾ. "ಕೊಳವೆಯಲ್ಲಿ... ಕೇಳಿಸ್ಲಿಲ್ಲ..."

ಆಗ ಅರ್ಥ ಆಯಿತು ಅವಳಿಗೆ. ಅವನ ಇಯರ್‌ಫೋನಿನಲ್ಲಿ ಹಾಡು ಯಾವತ್ತೂ ಇರಲಿಲ್ಲ.

* * *

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಅವನ ಪಕ್ಕ ಕೂತಿದ್ದಳು. ಡಾಕ್ಟರಮ್ಮ ಎದೆಯ ಫೋಟೋವನ್ನ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ್ದರು.

"ಸದ್ಯಕ್ಕೆ ಏನೂ ಕಾಣ್ತಿಲ್ಲ. ಆದ್ರೆ ಇಂಥದ್ದು ಇವತ್ತೇ ಕಾಣ್ಬೇಕು ಅಂತೇನಿಲ್ಲ. ಆಗಾಗ ಬಂದು ತೋರಿಸ್ತಾ ಇರಿ" ಅಂದಿದ್ದರು.

ಆ 'ಸದ್ಯಕ್ಕೆ' ಅನ್ನುವ ಮಾತು ಅವಳ ತಲೆಯಲ್ಲೇ ಸುತ್ತುತ್ತಿತ್ತು. ಅವನ ಎದೆಗೆ ಮುಳ್ಳು ಹೊಕ್ಕಿದ್ದರೆ ಅದು ಅವಳ ಕೈಯ ತಟ್ಟೆಯಿಂದಲೇ.

"ಯಾಕೆ ಕೇಳ್ತಿದ್ರಿ ಅದನ್ನ? ದಿನವಿಡೀ?"

"ಮೊದಲನೇ ದಿನ ನಾನು ಬಟನ್ ಒತ್ತಿದಾಗ ಅದು ನಿಂತಿತಲ್ಲ... ಆಮೇಲೆ ನಿಮ್ಮ ಕೈ ನೋಡಿದೆ. ಆ ನಿಶ್ಶಬ್ದ ನನ್ನ ಕಿವಿ ಬಿಟ್ಟು ಹೋಗ್ಲೇ ಇಲ್ಲ. ನಿದ್ದೆ ಬರ್ತಿರಲಿಲ್ಲ. ಅದಕ್ಕೇ ಆ ಬಿಲ್ಲೆ ಅಂಟಿಸಿದೆ. ಅದು ಕೇಳ್ತಿದ್ರೆ ನೀವು ಚೆನ್ನಾಗಿದೀರಿ ಅಂತ ಅರ್ಥ... ಅಷ್ಟೇ. ನಿಮ್ಮನ್ನ ಕೇಳದೆ ಅಂಟಿಸಿದ್ದು ಮಾತ್ರ ತಪ್ಪೇ."

"ತಪ್ಪೇ! ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?" ಅನ್ನುತ್ತಲೇ ಅವಳು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ತಲೆ ತಗ್ಗಿಸಿ, ಮೆಲ್ಲಗೆ ಕೇಳಿದಳು. "ಮತ್ತೆ... ನಾನು ಅತ್ತೆ ಹತ್ರ ಮಾತಾಡಿದ್ದು?"

"ಅದು ಗಾಜಿನ ನಡುಕ ಮಾತ್ರ ಹಿಡಿಯುತ್ತೆ. ಮಾತು ಕೇಳಲ್ಲ. ಗುಳ್ಳೆ ಮಾತ್ರ."

"ಒಂದು ಮಾತೂ?"

"ಒಂದೂ ಇಲ್ಲ. ಯಾಕೆ, ಏನು ಹೇಳಿದ್ರಿ?"

"ಏನೂ ಇಲ್ಲ!" ಅಂದಳು, ಕಿವಿಯ ತನಕ ಕೆಂಪಾಗಿ. ಈ ಸಲ ಸರದಿ ಅವಳದಾಗಿತ್ತು.

* * *

ದೊಡ್ಡವರು ಆ ಫಟೀರ್ ಸದ್ದು ಕೇಳಿದ ಮೇಲೆ ಮೆತ್ತಗಾಗಿದ್ದರು. ಹೊಸ ಗಾಜು ಬಂತು. ಕೆಂಪು ಬಟನ್ ಒತ್ತಿದರೂ ಆರ್ಗಾನ್ ನಿಲ್ಲದ ಹಾಗೆ ಅವನು ಎಲ್ಲ ಮತ್ತೆ ಕೂಡಿಸಿದ. ಚಾವಣಿಯ ಮೂಗಿನ ಸುತ್ತ ಅವಳೇ ನಿಂತು ಬಲೆ ಹಾಕಿಸಿದಳು, ಇನ್ನು ಯಾರೂ ಕೈಗವಸು ತೊಡಿಸುವ ಹಾಗಿಲ್ಲ.

ಅತ್ತೆಗೆ ಮತ್ತೆ ಕಾವು ಹಚ್ಚಿದ ದಿನ ಅವಳು ಬಿಲ್ಲೆಯನ್ನ ತಾನೇ ಸೀಸೆಗೆ ಅಂಟಿಸಿದಳು.

"ಪ್ರಮಾಣಿಸಿ ನೋಡು ಅಂದಿದಾಳೆ ನಮ್ಮಕ್ಕ" ಅಂತ ಇಯರ್‌ಫೋನಿಗೆ ಕೈ ಚಾಚಿದಳು. "ಕೊಡಿ. ನಾನು ಆ ಕಡೆ ಕೂತು ಕೇಳ್ತೀನಿ. ನೀವು ಅತ್ತೆ ಹತ್ರ ಏನಾದ್ರೂ ಮಾತಾಡಿ. ಕೇಳಿಸ್ತೋ, ನಿಮ್ಮ ಕಥೆ ಮುಗೀತು!"

ಅವನ ಕುರ್ಚಿಯಲ್ಲಿ ಕೂತು ಕಿವಿಗಿಟ್ಟುಕೊಂಡಳು. ಗುಳುಗುಳು... ಗುಳುಗುಳು... ಮೊದಲ ಸಲ ಅವನು ಇದ್ದಲ್ಲಿ ಕೂತು ತನ್ನದೇ ಕೋಣೆಯನ್ನ ಕೇಳಿದಳು. ಇಷ್ಟು ದಿನ ಒಬ್ಬ ಮನುಷ್ಯ ಅವಳ ಜೀವದ ಸದ್ದನ್ನ ಕಿವಿಯಲ್ಲಿಟ್ಟುಕೊಂಡು ಓಡಾಡಿದ್ದ. ಅವಳ ಕಣ್ಣು ಮಂಜಾಯಿತು.

ಗೋಡೆಯ ಆಚೆ ಅವನು ಏನೋ ಹೇಳುತ್ತಿದ್ದ ಖಂಡಿತ. ಒಂದಕ್ಷರವೂ ಬರಲಿಲ್ಲ. ಆಮೇಲೆ ಒಂದು ಕೆಮ್ಮು, ಗೋಡೆ ದಾಟಿ ನೇರವಾಗಿ ಕೇಳಿಸಿತು. ಸಣ್ಣದೇ. ಅವಳು ಇಯರ್‌ಫೋನ್ ಕಿತ್ತು ಓಡಿದಳು.

"ಯಾಕೆ ಕೆಮ್ಮಿದ್ರಿ?"

"ಗಂಟಲು ಒಣಗಿತ್ತು, ಅಷ್ಟೇ. ಒಂದು ಮಾತು ಹೊರಡೋಕೇ ಕಷ್ಟ ಆಯ್ತು."

ಅವಳಿಗೆ ನಂಬಿಕೆ ಬರಲಿಲ್ಲ. ಹತ್ತಿರ ಬಂದು ಅವನ ಎದೆಗೆ ಕಿವಿ ಇಟ್ಟೇಬಿಟ್ಟಳು. ಅವನು ಅಲುಗಾಡದೆ ನಿಂತ. ಉಸಿರು ಬಂತು, ಹೋಯಿತು. ಒಳಗೆ ಹೃದಯ ಒಂದೇ ಸಮ ಓಡುತ್ತಿತ್ತು.

"ಇನ್ನು ಮೇಲೆ ದಿನಾ ಕೇಳ್ತೀನಿ" ಅಂದಳು, ಕಿವಿ ತೆಗೆಯದೆ. "ನೀವು ಇಷ್ಟು ದಿನ ನನ್ನದು ಕೇಳಿದ್ರಿ. ಈಗ ನನ್ನ ಸರದಿ."

"ದಿನಾ ಅಂದ್ರೆ... ಎಷ್ಟು ದಿನ?"

"ಅದು ನೀವು ಅತ್ತೆ ಹತ್ರ ಏನು ಹೇಳಿದ್ರಿ ಅನ್ನೋದರ ಮೇಲೆ ಇದೆ."

"ಕೇಳಿಸ್ಲಿಲ್ವಾ?"

"ಗುಳ್ಳೆ ಮಾತ್ರ. ಹೇಳಿ, ಏನಂದ್ರಿ?"

ಅವನು ಕುಲುಮೆಯ ಕಡೆ ನೋಡಿದ. ಆಮೇಲೆ ಅವಳ ಅಂಗೈ ಬಿಡಿಸಿ, ಆ ಹಳೆಯ ಗಾಯದ ಗೆರೆಯ ಮೇಲೆ ಹೆಬ್ಬೆರಳು ಇಟ್ಟ.

"ನೀನು ಅದನ್ನ ಅತ್ತೆ ಅಂತೀಯಲ್ಲ... ನಾನು 'ಅಮ್ಮಾ' ಅಂತ ಕರೆದೆ."

ಅವಳು ಕುಲುಮೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು.

"ಅಷ್ಟೇನಾ?" ಅಂದಳು ಕೊನೆಗೆ, ಅವನ ಅಂಗಿಯಲ್ಲಿ ಮುಖ ಮುಚ್ಚಿಕೊಂಡು.

"ಅಷ್ಟೇ. ಸಾಲದಾ?"

"ಸಾಕು..." ಅಂದಳು ಕಾಡಮ್ಮ. "ಅತ್ತೆ ಏನಂದ್ರು?"

"ಕೇಳು."

ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದರು.

ಗುಳುಗುಳು ನಿಂತಿರಲಿಲ್ಲ.